ರೈನ್ ದಡದ ಸಿಸ್ಟರ್‌ಗಳು

ಫ್ರಾಂಕ್‌ಫರ್ಟ್‌ನಿಂದ ಲೋಕಲ್ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ಕೂತರೆ ರೂಡೆಸ್‌ಹೈಮ್ ಬರುತ್ತದೆ. ಊರಿನಿಂದ ಯಾರೇ ಬರಲಿ, ನಾವು ಕರೆದುಕೊಂಡು ಹೋಗುವ ಜಾಗ ಇದು. ಗಲ್ಲಿ ಸುತ್ತಿ, ಕೇಬಲ್ ಕಾರ್ ಹತ್ತಿ, ರೈನ್ ನದಿ ಹಿಂದೆ ಕಾಣುವ ಹಾಗೆ ಫೋಟೋ ತೆಗೆದುಕೊಂಡು ವಾಪಸ್. ಮೇಲೆ ದ್ರಾಕ್ಷಿ ತೋಟಗಳ ನಡುವೆ ಎರಡು ಗೋಪುರಗಳ ದೊಡ್ಡ ಕಟ್ಟಡವೊಂದಿದೆ. "ಅದು ಕೋಟೆನಾ?" ಅಂತ ಎಲ್ಲರೂ ಕೇಳುತ್ತಾರೆ. ಕೋಟೆಯಲ್ಲ, ಐಬಿಂಗನ್‌ನ ಸಂತ ಹಿಲ್ಡೆಗಾರ್ಡ್ ಮಠ. ಬೆನೆಡಿಕ್ಟೈನ್ ಸಿಸ್ಟರ್‌ಗಳು, ಅಂದರೆ ಸಂತ ಬೆನೆಡಿಕ್ಟ್‌ನ ನಿಯಮದಂತೆ ಬದುಕುವವರು, ಇರುವ ಮನೆ.

ನಾನು ಪುತ್ತೂರಿನ ಕಡೆಯವಳು. ನಮ್ಮದು ಕ್ರೈಸ್ತ ಮನೆಯಲ್ಲ, ಆದರೆ ಓದಿದ್ದು ಸಿಸ್ಟರ್‌ಗಳ ಶಾಲೆಯಲ್ಲಿ. ನಮ್ಮ ಜಿಲ್ಲೆಯಲ್ಲಿ ಇದೇನೂ ವಿಶೇಷವಲ್ಲ. ನಮಗೆ ಸಿಸ್ಟರ್ ಅಂದರೆ ಹೆಡ್‌ಮಿಸ್, ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುವವರು. ಸಂಜೆ ಬೆಲ್ ಹೊಡೆದ ಮೇಲೆ ಅವರು ಕಾಂಪೌಂಡಿನ ಆಚೆಯ ಮನೆಗೆ ಹೋಗಿ ಏನು ಮಾಡುತ್ತಾರೆ ಎಂದು ನಾವ್ಯಾರೂ ಯೋಚಿಸಿದವರಲ್ಲ. ಐಬಿಂಗನ್‌ನಲ್ಲಿ ಶಾಲೆಯೂ ಇಲ್ಲ, ಆಸ್ಪತ್ರೆಯೂ ಇಲ್ಲ. ಹಾಗಾದರೆ ಇವರು ಮಾಡುವುದೇನು? ಪ್ರಶ್ನೆ ನನಗೆ ಹುಟ್ಟಿದ್ದೇ ಅಲ್ಲಿ.

ಪ್ರಾರ್ಥನೆ ಮಾಡುತ್ತಾರೆ. ಬೆಳಗ್ಗೆ ಐದೂವರೆಯ ಹೊತ್ತಿಗೆ ಮೊದಲ ಪ್ರಾರ್ಥನೆ. ಆಮೇಲೆ ಬಲಿಪೂಜೆ (ಮಾಸ್), ಮಧ್ಯಾಹ್ನ ಮತ್ತೊಂದು ಪ್ರಾರ್ಥನೆ, ಸಂಜೆಯದ್ದಕ್ಕೆ ವೆಸ್ಪರ್ ಅಂತ ಹೆಸರು, ಮಲಗುವ ಮುಂಚೆ ಇನ್ನೊಂದು. ಹೆಚ್ಚಿನದು ಹಾಡು, ಚರ್ಚಿನ ಹಳೆಯ ಗ್ರೆಗೋರಿಯನ್ ಧಾಟಿಯಲ್ಲಿ. ಸಂತ ಬೆನೆಡಿಕ್ಟ್ ಆರನೇ ಶತಮಾನದಲ್ಲಿ ಬರೆದ ನಿಯಮದ ಪ್ರಕಾರ ಬೈಬಲ್‌ನ 150 ಕೀರ್ತನೆಗಳೂ ಒಂದು ವಾರದೊಳಗೆ ಮುಗಿಯಬೇಕು. ಮುಂದಿನ ವಾರ ಮತ್ತೆ ಮೊದಲಿನಿಂದ. ಸಂಜೆಯ ವೆಸ್ಪರ್‌ಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಮೊದಲ ಸಲ ಹೋದಾಗ ಕಛೇರಿಯ ತರಹ ಏನೋ ಇರುತ್ತದೆ ಅಂದುಕೊಂಡಿದ್ದೆ. ಹಾಗೇನೂ ಇಲ್ಲ. ಯಾರಿಗೂ ಕೇಳಿಸಬೇಕು ಅಂತ ಅವರು ಹಾಡುವುದಿಲ್ಲ. ಮಧ್ಯೆ ಒಬ್ಬರು ಕೆಮ್ಮುತ್ತಾರೆ, ಇನ್ನೊಬ್ಬರ ದನಿ ವಯಸ್ಸಾಗಿ ನಡುಗುತ್ತದೆ, ಹಾಡು ನಿಲ್ಲುವುದಿಲ್ಲ. ಮುಗಿದ ಮೇಲೆ ಚಪ್ಪಾಳೆಯಿಲ್ಲ. ಎದ್ದು ಹೊರಟೇ ಬಿಡುತ್ತಾರೆ.

ಹಿಲ್ಡೆಗಾರ್ಡ್ ಬಗ್ಗೆ ಎರಡು ಮಾತು. ಹುಟ್ಟಿದ್ದು 1098ರಲ್ಲಿ. ನದಿಯ ಆಚೆ ದಡದ ಬಿಂಗನ್ ಬಳಿ ಮೊದಲು ಒಂದು ಮಠ ಕಟ್ಟಿದರು. 1165ರಲ್ಲಿ ಈ ದಡದ ಐಬಿಂಗನ್‌ನಲ್ಲಿ ಎರಡನೆಯದು. ವಾರಕ್ಕೆ ಎರಡು ಸಲ ದೋಣಿಯಲ್ಲಿ ರೈನ್ ದಾಟಿ ಬಂದು ಇಲ್ಲಿನವರನ್ನು ನೋಡಿ ಹೋಗುತ್ತಿದ್ದರಂತೆ. ಗಿಡಮೂಲಿಕೆ, ಸಂಗೀತ, ದೇವರ ದರ್ಶನ, ಎಲ್ಲದರ ಬಗ್ಗೆಯೂ ಬರೆದರು. ಬಿಷಪ್‌ಗಳಿಗೂ ರಾಜರಿಗೂ ಮುಲಾಜಿಲ್ಲದೆ ಕಾಗದ ಬರೆದು ಬುದ್ಧಿ ಹೇಳಿದರು. 2012ರಲ್ಲಿ ಪೋಪ್ ಅವರಿಗೆ ಧರ್ಮಸಭೆಯ ಪಂಡಿತೆ (ಡಾಕ್ಟರ್ ಆಫ್ ದ ಚರ್ಚ್) ಎಂಬ ಪದವಿ ಕೊಟ್ಟರು. ಇಲ್ಲಿಯವರೆಗೆ ಈ ಪದವಿ ಸಿಕ್ಕಿರುವುದು ನಾಲ್ಕೇ ಹೆಂಗಸರಿಗೆ. ಈಗಿನ ಅಂಗಡಿಗಳಲ್ಲಿ ಅವರ ಹೆಸರಿನಲ್ಲಿ ಬಿಸ್ಕೆಟ್, ಚಹಾ, ಕಷಾಯ ಎಲ್ಲಾ ಸಿಗುತ್ತದೆ. ಅದರಲ್ಲಿ ಎಷ್ಟು ಅವರು ಹೇಳಿದ್ದು, ಎಷ್ಟು ವ್ಯಾಪಾರ ಅನ್ನುವುದು ಬೇರೆ ಮಾತು.

ಹಳೆಯ ಮಠ ನೆಪೋಲಿಯನ್ ಕಾಲದ ಗಲಾಟೆಯಲ್ಲಿ ಮುಚ್ಚಿಹೋಯಿತು. ಈಗಿನ ಕಟ್ಟಡಕ್ಕೆ ಸಿಸ್ಟರ್‌ಗಳು ಬಂದದ್ದು 1904ರಲ್ಲಿ. 1941ರಲ್ಲಿ ನಾಜಿಗಳು ಅವರನ್ನು ಹೊರಗಟ್ಟಿದರು. 1945ರಲ್ಲಿ ವಾಪಸ್ ಬಂದು ಕೀರ್ತನೆ ಮತ್ತೆ ಶುರು ಮಾಡಿದರು.

ಪ್ರಾರ್ಥನೆ ಮಾಡಿದರೆ ಹೊಟ್ಟೆ ತುಂಬುತ್ತದಾ ಎಂದು ಅಪ್ಪ ಫೋನಿನಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ಜರ್ಮನಿಯಲ್ಲಿ ಚರ್ಚ್ ತೆರಿಗೆ ಅಂತ ಒಂದಿದೆ. ಸದಸ್ಯರಾದವರ ಆದಾಯ ತೆರಿಗೆಯ ಮೇಲೆ ಶೇಕಡಾ 8 ಅಥವಾ 9 ಸೇರಿಸಿ ಸರ್ಕಾರವೇ ಹಿಡಿದು ಚರ್ಚ್‌ಗೆ ಕೊಡುತ್ತದೆ. ಆ ದುಡ್ಡಲ್ಲಿ ಮಠ ನಡೆಯುತ್ತದೆ ಅಂತ ನಾನೂ ತಿಳಿದಿದ್ದೆ. ಇಲ್ಲ, ಮಠಗಳು ತಮ್ಮ ಅನ್ನ ತಾವೇ ದುಡಿಯಬೇಕು. ಐಬಿಂಗನ್‌ನವರು ದ್ರಾಕ್ಷಿ ಬೆಳೆಯುತ್ತಾರೆ, ವೈನ್ ಮಾಡಿ ಮಾರುತ್ತಾರೆ. ಮಠದ ಉಡುಪಿನ ಮೇಲೆ ಏಪ್ರನ್ ಕಟ್ಟಿಕೊಂಡು, ರಬ್ಬರ್ ಬೂಟು ಹಾಕಿ ತೋಟದಲ್ಲಿ ನಿಂತ ಸಿಸ್ಟರ್‌ನ ಫೋಟೋ ಕಳಿಸಿದಾಗ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ದಿನವಿಡೀ ಅದೇ ಚರ್ಚೆ. ಸಿಸ್ಟರ್‌ಗಳು ಹೆಂಡ ಮಾರುವುದಾ! ವೈನ್ ಜೊತೆಗೆ ಪುಸ್ತಕದಂಗಡಿ, ಕೆಫೆ, ಅತಿಥಿಗೃಹ, ಮಣ್ಣಿನ ಪಾತ್ರೆಯ ಕೆಲಸ, ಹಳೇ ಕಾಗದಪತ್ರ ರಿಪೇರಿ ಮಾಡುವ ಕೋಣೆ ಇವೆಲ್ಲ ಇವೆ. ಗಂಟೆ ಹೊಡೆದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಡೆಡ್‌ಲೈನ್ ಹೆಸರಲ್ಲಿ ಊಟ ಬಿಡುವ ನನ್ನಂಥವರಿಗೆ ಇದನ್ನು ನೋಡುವುದೇ ಒಂದು ಕಿರಿಕಿರಿ.

ಇನ್ನು ಎರಡನೇ ಬಗೆಯ ಸಿಸ್ಟರ್‌ಗಳು. ನಮಗೆ ಊರಿನಲ್ಲಿ ಗೊತ್ತಿರುವವರು ಇವರೇ. ಮಠದೊಳಗೆ ಉಳಿಯದೆ ಊರಿನಲ್ಲಿ ಕೆಲಸ ಮಾಡುವವರು. ಫ್ರಾಂಕ್‌ಫರ್ಟ್‌ನಿಂದ ವೇಗದ ರೈಲಿನಲ್ಲಿ ಮೊಂಟಬೌರ್‌ಗೆ ಹೋದರೆ ಪಕ್ಕದಲ್ಲೇ ಡೆರ್ನ್‌ಬಾಖ್ ಎಂಬ ಊರು. ಕತರೀನಾ ಕಾಸ್ಪರ್ ಹುಟ್ಟಿದ್ದು ಅಲ್ಲಿ, 1820ರಲ್ಲಿ, ಬಡ ರೈತರ ಮನೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಹೊಲದಲ್ಲಿ ಕೂಲಿ ಮಾಡಿದರು, ರಸ್ತೆಗೆ ಜಲ್ಲಿ ಒಡೆದರು. ಹಳ್ಳಿಯ ರೋಗಿಗಳನ್ನು ನೋಡಿಕೊಳ್ಳಲು ಒಂದು ಸಣ್ಣ ಮನೆ ಕಟ್ಟಿಸಿದರು. 1851ರಲ್ಲಿ ಜೊತೆಗಾರ್ತಿಯರೊಂದಿಗೆ ವ್ರತ ತೆಗೆದುಕೊಂಡು ಹೊಸ ಸಭೆಯನ್ನೇ, ಅಂದರೆ ಸಿಸ್ಟರ್‌ಗಳ ಸಂಘವನ್ನೇ, ಶುರು ಮಾಡಿದರು. 1868ರ ಹೊತ್ತಿಗೆ ಅವರ ಸಿಸ್ಟರ್‌ಗಳು ಅಮೆರಿಕಕ್ಕೂ ಹೋಗಿದ್ದರು. ಈಗ ಈ ಸಭೆ ಭಾರತದಲ್ಲೂ ಇದೆ. 2018ರಲ್ಲಿ ಕತರೀನಾ ಸಂತ ಪದವಿಗೇರಿದರು. ಜಲ್ಲಿ ಒಡೆದ ಕೂಲಿಯವರು ಸಂತರಾದ ಈ ಕಥೆ ನನಗೆ ಹಿಲ್ಡೆಗಾರ್ಡ್ ಕಥೆಗಿಂತ ಇಷ್ಟ.

ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗುವಷ್ಟು ದೂರದಲ್ಲಿ ಸಿಸ್ಟರ್‌ಗಳದ್ದೇ ಒಂದು ವೃದ್ಧಾಶ್ರಮವಿದೆ. ಅಲ್ಲಿ ಕಾರ್ಕಳದ ಕಡೆಯ ಒಬ್ಬ ಸಿಸ್ಟರ್ ಇದ್ದಾರೆ. ಮನೆಮಾತು ಕೊಂಕಣಿ. ನನ್ನ ಹತ್ತಿರ ಕನ್ನಡ, ಮಧ್ಯೆ ಮಧ್ಯೆ ತುಳು. ಸೂಪರ್ ಮಾರ್ಕೆಟ್ಟಿನಲ್ಲಿ ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು ಹಿಂದಿನಿಂದ ಬಂದು, "ಎಂತ ಮಾರಾಯ್ತಿ, ಯಾವ ಊರು ನಿಂದು?" ಅಂದರು. ಜರ್ಮನಿಯಲ್ಲಿ ಯಾರೂ ನನ್ನನ್ನು ಮಾರಾಯ್ತಿ ಅಂದಿರಲಿಲ್ಲ. ಅಲ್ಲಿಂದ ಪರಿಚಯ.

ನಮ್ಮೂರ ಚಾಳಿ ಬಿಡುತ್ತದಾ, ಒಂದು ದಿನ ಕೇಳಿಯೇ ಬಿಟ್ಟೆ. "ಸಿಸ್ಟರ್, ಇಲ್ಲಿ ನಿಮಗೆ ಸಂಬಳ ಎಷ್ಟು?"

"ನನಗೆ ಹೇಗೆ ಗೊತ್ತು?" ಅಂದರು. ತಮಾಷೆಯಲ್ಲ, ನಿಜವಾಗಿ ಗೊತ್ತಿಲ್ಲ. ಒಪ್ಪಂದ ಇರುವುದು ಅವರ ಸಭೆಗೂ ಆಶ್ರಮಕ್ಕೂ ನಡುವೆ. ದುಡ್ಡು ನೇರ ಸಭೆಗೆ ಹೋಗುತ್ತದೆ. ಇವರ ಕೈಗೆ ತಿಂಗಳಿಗೆ ಸ್ವಲ್ಪ ಖರ್ಚಿನ ಕಾಸು. ಚಪ್ಪಲಿ ಹರಿದರೆ ಮನೆಯ ಮೇಲಧಿಕಾರಿ ಸಿಸ್ಟರ್‌ಗೆ ಹೇಳಿ ತರಿಸಿಕೊಳ್ಳಬೇಕು. ವಯಸ್ಸಾದ ಮೇಲೆ ನೋಡಿಕೊಳ್ಳುವ ಹೊಣೆ ಸಭೆಯದ್ದು. ನಮ್ಮ ದೇಶದಲ್ಲಿ ಇದೇ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು, ನೆನಪಿದೆಯಾ? ಅನುದಾನಿತ ಶಾಲೆಯಲ್ಲಿ ಪಾಠ ಮಾಡುವ ಸಿಸ್ಟರ್ ಬಡತನದ ವ್ರತ ತೊಟ್ಟವರು, ಸಂಬಳ ಅವರದ್ದೇ ಅಲ್ಲ, ಹಾಗಾಗಿ ಮೂಲದಲ್ಲೇ ತೆರಿಗೆ ಹಿಡಿಯಬಾರದು ಎಂಬುದು ಸಭೆಗಳ ವಾದ. 2024ರ ನವೆಂಬರ್‌ನಲ್ಲಿ ಕೋರ್ಟ್ ಒಪ್ಪಲಿಲ್ಲ. ಸಂಬಳ ಅಂದ ಮೇಲೆ ಸಂಬಳವೇ ಎಂದಿತು. ಕಾನೂನಿನ ಮಟ್ಟಿಗೆ ನನಗೂ ಸರಿ ಅನ್ನಿಸಿತು. ಆದರೆ ಎಷ್ಟು ಬರುತ್ತದೆಂದೇ ಗೊತ್ತಿಲ್ಲದ ದುಡ್ಡಿಗೆ ದಿನಕ್ಕೆ ಹನ್ನೆರಡು ಗಂಟೆ ಓಡಾಡುವವರನ್ನು ಎದುರಿಗೆ ಕಂಡ ಮೇಲೆ ಆ ವಾದ ಬರೀ ತೆರಿಗೆ ಉಳಿಸುವ ಉಪಾಯವಲ್ಲ ಅನ್ನುವುದೂ ತಿಳಿಯಿತು.

ಊರಿನಲ್ಲಿ ಒಂದು ಮಾತಿದೆ. ಬಡವರ ಮನೆಯ ಹುಡುಗಿಯರನ್ನು ಸುಮ್ನೆ ತಳ್ಳಿಬಿಡುತ್ತಾರೆ, ಆಮೇಲೆ ಹೊರಗೆ ಬರುವ ಹಾಗಿಲ್ಲ ಅಂತ. ದಾರಿ ಅಷ್ಟು ಚಿಕ್ಕದಲ್ಲ. ಮೊದಲು ಬಂದು ಜೊತೆಯಲ್ಲಿದ್ದು ನೋಡುವ ಕಾಲ. ಆಮೇಲೆ ನೊವಿಶಿಯೇಟ್ ಎಂಬ ತರಬೇತಿಯ ಕಾಲ, ಕಡಿಮೆ ಅಂದರೆ 12 ತಿಂಗಳು, ಎಷ್ಟೋ ಕಡೆ ಎರಡು ವರ್ಷ. ಅಷ್ಟಾದ ಮೇಲೆ ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ, ಅದೂ ತಾತ್ಕಾಲಿಕವಾಗಿ. ಕನಿಷ್ಠ ಮೂರು ವರ್ಷ ಹೀಗೆ ಕಳೆದ ಮೇಲಷ್ಟೇ ಜೀವನಪೂರ್ತಿಯ ವ್ರತ. ನೊವಿಶಿಯೇಟ್‌ನಲ್ಲಿ ಯಾವಾಗ ಬೇಕಾದರೂ ಹೊರಡಬಹುದು, ತಾತ್ಕಾಲಿಕ ವ್ರತದ ಅವಧಿ ಮುಗಿದಾಗಲೂ ಹೊರಡಬಹುದು. ನಮ್ಮ ಸಿಸ್ಟರ್ ಜೊತೆ ಸೇರಿದವರಲ್ಲಿ ಅರ್ಧದಷ್ಟು ಜನ ಹೊರಟರಂತೆ. "ಅವರ ಮಕ್ಕಳ ಮದುವೆಗೆಲ್ಲ ನನಗೆ ಕಾಗದ ಬರುತ್ತದೆ" ಎಂದರು. ಹಾಗಂತ ಹೊರಡುವುದು ಸಲೀಸು ಅಂತಲ್ಲ. ಮನೆಯವರ ಮುಖ, ಊರಿನವರ ಬಾಯಿ ಇದ್ದೇ ಇರುತ್ತದಲ್ಲ.

ಮೂರರಲ್ಲಿ ಕಷ್ಟದ್ದು ಯಾವುದು? ಎಲ್ಲರೂ ಬ್ರಹ್ಮಚರ್ಯ ಅಂದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ವಿಧೇಯತೆ. ಒಂದು ಕಾಗದ ಬರುತ್ತದೆ, ಇಂಥಾ ಊರಿಗೆ ಹೊರಡಿ ಅಂತ. ಹೊರಡಬೇಕು. ಇವರು ಜರ್ಮನಿಗೆ ಬಂದದ್ದೂ ಹಾಗೇ. ಜರ್ಮನ್ ಒಂದಕ್ಷರ ಬರುತ್ತಿರಲಿಲ್ಲ. ಬಂದ ಚಳಿಗಾಲದಲ್ಲೇ ಊರಿನಲ್ಲಿ ತಂದೆ ತೀರಿಕೊಂಡರು, ಹೋಗಲಾಗಲಿಲ್ಲ. ಅದನ್ನು ಹೇಳುವಾಗ ದೊಡ್ಡ ತ್ಯಾಗ ಮಾಡಿದೆ ಅನ್ನುವ ದನಿಯಿರಲಿಲ್ಲ. "ಸಿಟ್ಟು ಬಂದಿತ್ತು, ತುಂಬಾ ದಿನ ಇತ್ತು" ಅಂದರು ಅಷ್ಟೇ. ವಿಧೇಯತೆ ಕೆಟ್ಟವರ ಕೈಗೆ ಸಿಕ್ಕರೆ ಏನಾಗುತ್ತದೆ ಅನ್ನುವುದನ್ನೂ ಜಗತ್ತು ನೋಡಿದೆ. ಸಿಸ್ಟರ್‌ಗಳ ಮೇಲೆ ಪಾದ್ರಿಗಳಿಂದಲೇ ದೌರ್ಜನ್ಯ ನಡೆದಿದೆ ಎಂದು 2019ರಲ್ಲಿ ಪೋಪ್ ಫ್ರಾನ್ಸಿಸ್ ಬಹಿರಂಗವಾಗಿ ಒಪ್ಪಿಕೊಂಡರು. ಸಿಸ್ಟರ್‌ಗಳ ಬಗ್ಗೆ ಬರೆಯುವಾಗ ಬರೀ ಹೂವು, ಮೇಣದಬತ್ತಿ ಅಂತ ಬರೆದರೆ ಅವರಿಗೇ ಅನ್ಯಾಯ.

ಆಶ್ರಮದಲ್ಲಿ ಇರುವ ವಯಸ್ಸಾದವರಲ್ಲಿ ಜರ್ಮನ್ ಸಿಸ್ಟರ್‌ಗಳೇ ಜಾಸ್ತಿ. ಈ ದೇಶದಲ್ಲಿ ಈಗಿರುವ ಸಿಸ್ಟರ್‌ಗಳಲ್ಲಿ ಬಹುಪಾಲು 65 ದಾಟಿದವರು. ಹೊಸಬರು ಬರುವುದು ಎಲ್ಲೋ ಒಬ್ಬೊಬ್ಬರು. ಅವರು ಕಟ್ಟಿದ ಎಷ್ಟೋ ಆಸ್ಪತ್ರೆಗಳು ಕಂಪನಿಗಳ, ಟ್ರಸ್ಟ್‌ಗಳ ಕೈಗೆ ಹೋಗಿವೆ. ಕೆಲವು ಕಾನ್ವೆಂಟ್‌ಗಳು ಹೋಟೆಲ್ ಆಗಿವೆ. ಒಂದು ಕಾಲದಲ್ಲಿ ಯುರೋಪಿನವರು ನಮ್ಮ ಕಡೆ ಬರುತ್ತಿದ್ದರು. 1870ರಲ್ಲಿ ಫ್ರಾನ್ಸಿನಿಂದ ಹೊರಟ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಮಂಗಳೂರಿನಲ್ಲಿ ಇಳಿದರು. 1921ರಲ್ಲಿ ಅದೇ ಸಭೆ ಸೇಂಟ್ ಆಗ್ನೆಸ್ ಕಾಲೇಜು ತೆರೆಯಿತು. ಅಲ್ಲಿನ ಕಂಕನಾಡಿಯ ಆಸ್ಪತ್ರೆಯನ್ನು 1880ರಲ್ಲಿ ಶುರು ಮಾಡಿದ ಫಾದರ್ ಮುಲ್ಲರ್ ಜರ್ಮನಿಯವರು. ಅದೇ 1921ರಲ್ಲಿ ಮಂಗಳೂರಿನ ಬೆಂದೂರಿನಲ್ಲಿ ನಮ್ಮವರದ್ದೇ ಬೆಥನಿ ಸಭೆ ಹುಟ್ಟಿತು. ಈಗ ಕರಾವಳಿಯ, ಕೇರಳದ ಸಿಸ್ಟರ್‌ಗಳು ಇಲ್ಲಿ ಬಂದು ಜರ್ಮನ್ ಸಿಸ್ಟರ್‌ಗಳಿಗೆ ಸ್ನಾನ ಮಾಡಿಸುತ್ತಾರೆ, ಊಟ ತಿನ್ನಿಸುತ್ತಾರೆ.

ಸಾಲ ತೀರಿಸಿದ ಹಾಗಾಯಿತು ಅಂತ ಇದನ್ನು ಹೆಮ್ಮೆಯಿಂದ ಹೇಳುವವರಿದ್ದಾರೆ. ನನಗೆ ಅಷ್ಟು ಸರಳ ಅನ್ನಿಸುವುದಿಲ್ಲ. 1960ರ ದಶಕದಲ್ಲಿ ಕೇರಳದ ಹುಡುಗಿಯರನ್ನು ಗುಂಪು ಗುಂಪಾಗಿ ಯುರೋಪಿನ ಕಾನ್ವೆಂಟ್‌ಗಳಿಗೆ ಕರೆತಂದದ್ದು 1970ರಲ್ಲಿ ಪತ್ರಿಕೆಗಳಲ್ಲಿ ದೊಡ್ಡ ರಾದ್ಧಾಂತವಾಗಿತ್ತು. ಇವರು ದೇವರ ಕರೆಗೆ ಓಗೊಟ್ಟು ಬಂದವರೋ, ಕೆಲಸದವರು ಸಾಲದೆಂದು ಕರೆಸಿದವರೋ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಈಗಲೂ ಪೂರ್ತಿ ಹೋಗಿಲ್ಲ. ಅಷ್ಟೇ ಅಲ್ಲ, ನಮ್ಮ ಕರಾವಳಿಯಲ್ಲೂ ಈಗ ಮನೆಗೆ ಒಂದೋ ಎರಡೋ ಮಕ್ಕಳು. ಹುಡುಗಿಯರಿಗೆ ಬೇರೆ ಓದು, ಬೇರೆ ಕೆಲಸ. ಕಾನ್ವೆಂಟ್ ಸೇರುವವರು ಕಡಿಮೆಯಾಗಿದ್ದಾರೆ.

ಸೆಪ್ಟೆಂಬರ್ 8ರಂದು ಮೊಂತಿ ಫೆಸ್ತ್. ಮಾತೆ ಮರಿಯಳ ಹುಟ್ಟುಹಬ್ಬ, ನಮ್ಮ ಕಡೆ ತೆನೆ ಹಬ್ಬ. ಇಲ್ಲಿ ಭತ್ತದ ತೆನೆ ಎಲ್ಲಿಂದ ತರುವುದು? ಪಕ್ಕದ ರೈತರೊಬ್ಬರು ಕೊಟ್ಟ ಗೋಧಿ ತೆನೆಯನ್ನೇ ಚಾಪೆಲ್‌ನಲ್ಲಿಟ್ಟು ಪ್ರಾರ್ಥನೆ ಮಾಡಿದರು. ನನಗೂ ಊಟಕ್ಕೆ ಕರೆ ಬಂದಿತ್ತು. ಬೆಂಡೆ, ಅಲಸಂಡೆ, ಸೌತೆ, ಎಲ್ಲಾ ತರಕಾರಿ ಅಡುಗೆ. ಅನ್ನದ ಜೊತೆ ಪಾಯಸ. ಗಾಲಿ ಕುರ್ಚಿಯಲ್ಲಿ ಕೂತಿದ್ದ ಒಬ್ಬ ಜರ್ಮನ್ ಸಿಸ್ಟರ್, ತೊಂಬತ್ತರ ಆಸುಪಾಸು, ಪಾಯಸ ಎರಡು ಸಲ ಹಾಕಿಸಿಕೊಂಡರು. ಅವರು ಆಪರೇಷನ್ ಥಿಯೇಟರಿನ ಮುಖ್ಯ ನರ್ಸ್ ಆಗಿದ್ದವರಂತೆ. ಆ ಕೆಲಸ ಹೋಗಿ ಎಷ್ಟೋ ಕಾಲವಾಗಿದೆ. ಆಸ್ಪತ್ರೆಯೂ ಈಗ ಅವರ ಸಭೆಯದ್ದಲ್ಲ. ಊಟ ಮುಗಿದ ತಕ್ಷಣ ಕೈಗಡಿಯಾರ ನೋಡಿ, ಕುರ್ಚಿ ತಳ್ಳು ಅಂತ ನನಗೆ ಸನ್ನೆ ಮಾಡಿದರು. ಪ್ರಾರ್ಥನೆಯ ಹೊತ್ತು ಮೀರಬಾರದಲ್ಲ.

ಆಶ್ರಮಕ್ಕೆ ಸಂಬಳದ ಹೊಸ ನರ್ಸ್‌ಗಳು ಬರುತ್ತಿದ್ದಾರೆ. ಫಿಲಿಪ್ಪೀನ್ಸ್‌ನವರು, ಕೇರಳದವರು, ಒಬ್ಬಳು ಹಾಸನದ ಹುಡುಗಿಯೂ ಇದ್ದಾಳೆ. ಎಲ್ಲಾ ಕೆಲಸ ಅವರೇ ಮಾಡುವ ಹಾಗಾದರೆ ನೀವೆಲ್ಲ ಇಲ್ಲಿ ಯಾಕೆ ಅಂತ ಕಾರ್ಕಳದ ಸಿಸ್ಟರ್‌ಗೆ ಕೇಳಿದೆ. ಪಾತ್ರೆ ಒರೆಸುತ್ತಿದ್ದರು. ತಿರುಗಿಯೂ ನೋಡಲಿಲ್ಲ.

"ಹಾಗಾದರೆ ಒಳ್ಳೆಯದೇ ಅಲ್ವಾ ಮಾರಾಯ್ತಿ? ಸಂಜೆ ಚಾಪೆಲ್‌ಗೆ ಓಡಿಕೊಂಡು ಹೋಗುವುದು ತಪ್ಪುತ್ತದೆ, ನಿಧಾನವಾಗಿ ಹೋಗಬಹುದು."