ಮೂರು ಸತ್ತ ಸ್ವಿಚ್ಚು, ಒಂದು ವಾಷರು

ಅಣ್ಣನ ಹೊಲ ಆಳಂದ ಕಡೆ, ನಾನಿರುವುದು ಕಲಬುರಗಿಯಲ್ಲಿ. ಅವನ ಹಳೆ ಡೀಸೆಲ್ ಪಿಕಪ್ ಗಾಡಿಯ ರಿವರ್ಸ್ ಲೈಟ್ ಪದೇ ಪದೇ ಹೋಗುತ್ತದೆ. ನಾನು ಮೆಕ್ಯಾನಿಕ್ ಅಲ್ಲ. ಮನೆಯ ಮಿಕ್ಸಿ, ಫ್ಯಾನು ಬಿಚ್ಚಿ ಕೂಡಿಸುವ ಚಟ ಅಷ್ಟೇ. ಒಮ್ಮೊಮ್ಮೆ ಒಂದೆರಡು ಸ್ಕ್ರೂ ಉಳಿಯುತ್ತವೆ, ಅದು ಬೇರೆ ಮಾತು.

ಜನವರಿ, ಎಳ್ಳ ಅಮಾವಾಸ್ಯೆ ಆದ ಮೇಲಿನ ಭಾನುವಾರ

"ತಮ್ಮಾ, ಲೈಟ್ ಮತ್ತ ಹೋಗ್ಯಾದ ನೋಡು" ಎನ್ನುತ್ತಾ ಅಣ್ಣ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದ. ತೊಗರಿ ರಾಶಿಯ ಹಂಗಾಮು. ರಾತ್ರಿ ಹೊಲದಲ್ಲಿ ಚೀಲ ತುಂಬಿ, ಬೆಳಗ್ಗೆ ಗಂಜ್‌ಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ತಲುಪಿಸಬೇಕು. ಕತ್ತಲಲ್ಲಿ ರಾಶಿಯ ಹತ್ತಿರಕ್ಕೆ ಗಾಡಿ ಹಿಂದೆ ತೆಗೆದುಕೊಳ್ಳಬೇಕಲ್ಲ, ಅದಕ್ಕೆ ರಿವರ್ಸ್ ಲೈಟ್ ಇಲ್ಲದಿದ್ದರೆ ಆಗುವುದಿಲ್ಲ.

ಗಾಡಿ ಜೊತೆ ಬಂದ ಸ್ವಿಚ್ ಹತ್ತಾರು ವರ್ಷ ಬಾಳಿತ್ತು. ಅದು ಸತ್ತದ್ದು ದೀಪಾವಳಿ ಹೊತ್ತಿಗೆ. ಒಂದು ಗ್ಯಾರೇಜಿನಲ್ಲಿ ಹೊಸದು ಹಾಕಿಸಿದ. ಅದೂ ಎರಡೇ ತಿಂಗಳಿಗೆ ಆಟ ಶುರು ಮಾಡಿತು. ಒಮ್ಮೆ ಹತ್ತುತ್ತದೆ, ಒಮ್ಮೆ ಇಲ್ಲ. ಹತ್ತಿದರೂ ಮಂಕು.

ಈ ಸ್ವಿಚ್ ಇರುವುದು ಗೇರ್ ಬಾಕ್ಸ್ ಮೈಮೇಲೆ. ಬೋಲ್ಟ್ ತರಹ ತಿರುಗಿಸಿ ಕೂರಿಸುವುದು. ತುದಿಯಲ್ಲೊಂದು ಸಣ್ಣ ಮೂತಿ. ರಿವರ್ಸ್ ಗೇರ್ ಹಾಕಿದಾಗ ಒಳಗಿನ ರಾಡ್ ಸರಿದು ಬಂದು ಆ ಮೂತಿಯನ್ನು ಒತ್ತುತ್ತದೆ. ಒಳಗೆ ಎರಡು ಪಾಯಿಂಟ್, ಅಂದರೆ ಲೋಹದ ತುದಿಗಳು, ಕೂಡುತ್ತವೆ, ಲೈಟ್ ಹತ್ತುತ್ತದೆ. ಇಷ್ಟೇ ಕೆಲಸ. ಇಷ್ಟು ಸಾದಾ ಸಾಮಾನು ಯಾಕೆ ಸಾಯುತ್ತದೆ ಅನ್ನುವುದೇ ನನ್ನ ತಲೆ ತಿಂದದ್ದು.

ಮೊದಲು ಕಪ್ಲರ್ (ಸ್ವಿಚ್ಚಿಗೆ ವೈರ್ ಕೂಡಿಸುವ ಪ್ಲಗ್ಗು) ಕಳಚಿ, ಮಲ್ಟಿಮೀಟರನ್ನು ತಂತಿ ಕೂಡಿದರೆ ಬೀಪ್ ಅನ್ನುವ ಪರೀಕ್ಷೆಗಿಟ್ಟು ಹಚ್ಚಿದೆ. ರಿವರ್ಸ್ ಹಾಕಿದರೆ ಬೀಪ್, ನ್ಯೂಟ್ರಲ್‌ಗೆ ತಂದರೆ ಸುಮ್ಮನೆ. ಸ್ವಿಚ್ ಚೆನ್ನಾಗಿದೆ ಅಂತ ಅರ್ಧ ಗಂಟೆ ಹಿಂದಿನ ವೈರೆಲ್ಲ ಹುಡುಕಿದೆ. ಸುಮ್ನೆ ದಂಡ. ಬೀಪ್ ಪರೀಕ್ಷೆಯಲ್ಲಿ ಮೀಟರ್ ಕಳಿಸುವ ಕರೆಂಟು ತೀರಾ ಚೂರು. ಸುಟ್ಟ ಪಾಯಿಂಟ್ ಕೂಡ ಅಷ್ಟನ್ನು ದಾಟಿಸುತ್ತದೆ. ಲೈಟಿನ ಭಾರ ಬಿದ್ದಾಗ ಮಾತ್ರ ಅದರ ಬಂಡವಾಳ ಗೊತ್ತಾಗುವುದು.

ಹಾಗಾಗಿ ಕಪ್ಲರ್ ಮತ್ತೆ ಹಾಕಿ, ಲೈಟ್ ಉರಿಯುವಾಗಲೇ ಸ್ವಿಚ್ಚಿನ ಎರಡು ವೈರಿಗೆ ಮೀಟರ್ ಇಟ್ಟು ವೋಲ್ಟೇಜ್ ನೋಡಿದೆ. 1.9 ವೋಲ್ಟ್. ಅಷ್ಟು ಸ್ವಿಚ್ಚಿನಲ್ಲೇ ಪೋಲು. ಒಳ್ಳೆ ಸ್ವಿಚ್ಚಿನಲ್ಲಿ 0.1, 0.2ಕ್ಕಿಂತ ಜಾಸ್ತಿ ಇರಬಾರದು.

ಹಿಂದೆ ಬಂದು ನೋಡಿದರೆ ಕಳ್ಳ ಎದುರಿಗೇ ನೇತಾಡುತ್ತಿದ್ದ. ದೀಪಾವಳಿಗೆ ಸ್ವಲ್ಪ ಮೊದಲು ಅಣ್ಣ ಎರಡು ಹ್ಯಾಲೋಜನ್ ಲೈಟ್ ಹಚ್ಚಿಸಿದ್ದಾನೆ, ಒಂದೊಂದು 55 ವ್ಯಾಟ್. ವೈರ್ ಎಲ್ಲಿಂದ? ಕಂಪನಿಯ ರಿವರ್ಸ್ ಬಲ್ಬಿನ ವೈರಿಗೇ ಗಂಟು. ಗಾಡಿಯ ಬಲ್ಬು ಎರಡು, 21 ವ್ಯಾಟಿನವು. 12 ವೋಲ್ಟಿಗೆ ಲೆಕ್ಕ ಹಾಕಿದರೆ ಮೂರೂವರೆ ಆಂಪಿಯರ್. ಸ್ವಿಚ್ ಮಾಡಿದ್ದೇ ಅಷ್ಟಕ್ಕೆ. ಅದರ ಮೇಲೆ 110 ವ್ಯಾಟ್, ಅಂದರೆ ಇನ್ನೂ 9 ಆಂಪಿಯರ್. ಬಲ್ಬ್ ತಣ್ಣಗಿದ್ದಾಗ ಹತ್ತುವ ಕ್ಷಣಕ್ಕೆ ಅದರ ಹತ್ತು ಪಟ್ಟು ಎಳೆಯುತ್ತದೆ. ಪಾಯಿಂಟ್ ಸುಡದೆ ಇನ್ನೇನಾಗುತ್ತದೆ? ಪೋಲಾಗುವ ಆ 1.9 ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಹೆಬ್ಬೆರಳಿನಷ್ಟು ಸ್ವಿಚ್ಚಿನೊಳಗೆ ಸುಮಾರು 20 ವ್ಯಾಟ್ ಶಾಖ. ಸಣ್ಣ ಸೋಲ್ಡರಿಂಗ್ ಐರನ್ ಇಟ್ಟ ಹಾಗೆ.

ಇಷ್ಟಾದರೂ ಫ್ಯೂಜ್ ಯಾಕೆ ಹಾರಲಿಲ್ಲ ಅಂತ ಪೆಟ್ಟಿಗೆ ತೆಗೆದೆ. ಕೆಂಪು ಫ್ಯೂಜ್ ಇರಬೇಕಾದ ಜಾಗದಲ್ಲಿ ಹಳದಿ. ಕೆಂಪು 10 ಆಂಪಿಯರಿನದು, ಹಳದಿ 20. ಕೇಳಿದರೆ ಅಣ್ಣ, "ಕೆಂಪಂದು ಸುಡ್ಲತ್ತಿತ್ತು, ಅದಕ್ಕ ಬದಲಿ ಮಾಡ್ಸೀನಿ" ಎಂದ. ಸುಡುವುದೇ ಅದರ ಕೆಲಸ ಅಣ್ಣಾ ಅಂದೆ. ಅವನಿಗೆ ಹಿಡಿಸಲಿಲ್ಲ.

ಮುಂದಿನ ಭಾನುವಾರ

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋಗಿ ನಾಲ್ಕು ಕಾಲಿನ ರಿಲೇ (ಚೂರು ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್), 2.5 ಸ್ಕ್ವೇರ್ ಮಿಲಿಮೀಟರ್ ವೈರು, ಫ್ಯೂಜ್ ಹೋಲ್ಡರ್, ಹೊಸ ಸ್ವಿಚ್ ತಂದೆ. ರಿಲೇಯ ಕಾಲುಗಳಿಗೆ ನಂಬರ್ ಇರುತ್ತದೆ. ಬ್ಯಾಟರಿಯಿಂದ 15ರ ನೀಲಿ ಫ್ಯೂಜ್ ದಾಟಿ ರಿಲೇಯ 30ನೇ ಕಾಲಿಗೆ. 87ರಿಂದ ಹ್ಯಾಲೋಜನ್‌ಗೆ. ರಿವರ್ಸ್ ಬಲ್ಬಿನ ವೈರ್ 86ಕ್ಕೆ, 85 ಬಾಡಿ ಅರ್ಥ್‌ಗೆ. ರಿಲೇಯ ಕಾಯಿಲ್, ಅಂದರೆ ಒಳಗಿನ ತಂತಿ ಸುರುಳಿ, ಅಳೆದರೆ 85 ಓಮ್ ಬಂತು. ಅಂದರೆ ಹ್ಯಾಲೋಜನ್ ಹೆಸರಿನಲ್ಲಿ ಸ್ವಿಚ್ ಮೇಲೆ ಬೀಳುವುದು ಈಗ 0.14 ಆಂಪಿಯರ್ ಮಾತ್ರ. ಕಾಯಿಲ್ ಆಫ್ ಆಗುವಾಗ ವೋಲ್ಟೇಜ್ ಹಿಂದಕ್ಕೆ ಒದೆಯುತ್ತದೆ, ಅದಕ್ಕೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4007 ಡಯೋಡ್ ಅಡ್ಡ ಹಾಕಿದೆ, ಬೆಳ್ಳಿ ಗೆರೆ 86ರ ಕಡೆ. ಫ್ಯೂಜ್ ಪೆಟ್ಟಿಗೆಗೆ ಮತ್ತೆ ಕೆಂಪು ಬಂತು.

ಹಳೆ ಸ್ವಿಚ್ ತೆಗೆದು ಹೊಸದು ಕೂರಿಸಿದೆ. ಎಣ್ಣೆ ಸೋರೀತು ಅಂತ ಥ್ರೆಡ್‌ಗೆ ನಲ್ಲಿಗೆ ಸುತ್ತುವ ಬಿಳಿ ಟೇಪ್ ನಾಲ್ಕು ಸುತ್ತು ಸುತ್ತಿದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಈ ಸಾಲು ನೆನಪಿಟ್ಟುಕೊಳ್ಳಿ.

ಲೈಟ್ ಝಗ್ ಅಂತ ಹತ್ತಿತು. ಸ್ವಿಚ್ ಮೇಲೆ 0.08 ವೋಲ್ಟ್.

ಏಪ್ರಿಲ್

ಮೂರನೇ ಸ್ವಿಚ್ಚೂ ಹೋಯಿತು!

ಆದರೆ ಈ ಸಲ ತಕರಾರು ಉಲ್ಟಾ. ಲೈಟ್ ಹತ್ತುವುದಿಲ್ಲ ಅಂತಲ್ಲ, ಆರುವುದೇ ಇಲ್ಲ. ರಾತ್ರಿ ಬರುವಾಗ ಹಿಂದಿನ ಲಾರಿಯವನು ದಾರಿಯುದ್ದಕ್ಕೂ ಡಿಪ್ಪರ್ ಹೊಡೆದು, ಕೊನೆಗೆ ಪಕ್ಕಕ್ಕೆ ಬಂದು ಬೈದು ಹೋದನಂತೆ.

ರಿಲೇ ಅಂಟಿಕೊಂಡಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು, ಕಂಪನಿ ಬಲ್ಬು ರಿಲೇ ಮೂಲಕ ಹೋಗುವುದೇ ಇಲ್ಲ, ಅದೂ ಉರಿಯುತ್ತಿದೆಯಲ್ಲ. ಗೇರ್ ಬಾಕ್ಸ್ ಹತ್ತಿರ ಕಪ್ಲರ್ ಕಿತ್ತೆ. ಎಲ್ಲ ಆರಿತು. ರಿಲೇ ನಿರಪರಾಧಿ. ನಂತರ ನಮ್ಮೂರ ಬಿಸಿಲಿಗೆ ಪ್ಲಾಸ್ಟಿಕ್ ಮೆತ್ತಗಾಗಿರಬೇಕು ಅಂತ ಒಂದು ದಿನ ಬಿಸಿಲನ್ನು ಬೈದೆ. ಇಲ್ಲಿ ಏನು ಕೆಟ್ಟರೂ ಬಿಸಿಲಿನ ಮೇಲೆ ಹಾಕುವುದು ರೂಢಿ. ಆದರೆ ಓಡಿದ ಗೇರ್ ಬಾಕ್ಸಿನ ಎಣ್ಣೆ ಯಾವ ಏಪ್ರಿಲ್ ಬಿಸಿಲಿಗಿಂತಲೂ ಬಿಸಿ. ಅದನ್ನು ತಾಳುವ ಸ್ವಿಚ್ ಬಿಸಿಲಿಗೆ ಯಾಕೆ ಹೆದರೀತು?

ಎರಡು ದಿನ ಬಿಟ್ಟು

ಹಳೆ ಸ್ವಿಚ್ ಎಸೆಯದೆ ಬಿಸ್ಕತ್ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಮೂರನ್ನೂ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು, ಅಂಗಳದ ಶಹಾಬಾದ್ ಫರಸಿ ಮೇಲೆ ಸಾಲಾಗಿಟ್ಟೆ. ಮೊದಲೆರಡರ ಪಾಯಿಂಟು ಕಪ್ಪು, ಕುಳಿ ಕುಳಿ. ಮೂರನೆಯದರ ಪಾಯಿಂಟು ಹೊಸ ನಾಣ್ಯದ ಹಾಗೆ ಹೊಳೆಯುತ್ತಿವೆ! ಆದರೆ ಮೂತಿ ಜಾರುವ ಪ್ಲಾಸ್ಟಿಕ್ ಕೊಳವೆ ಸೀಳಿದೆ. ಮೂತಿ ಒಳಗೇ ಸಿಕ್ಕಿಕೊಂಡಿದೆ. ಹೊರಗಿನಿಂದ ಯಾರೋ ಗುದ್ದಿ ಗುದ್ದಿ ಒಡೆದ ಹಾಗೆ.

ಆಗ ಕಣ್ಣಿಗೆ ಬಿತ್ತು. ಎರಡನೇ ಸ್ವಿಚ್ಚಿನ ಕೊರಳಿಗೆ ಎಣ್ಣೆ ಮೆತ್ತಿದ ತಾಮ್ರದ ಉಂಗುರ. ವಾಷರ್. ಗ್ಯಾರೇಜಿನವರು ಸರಿಯಾಗಿ ಹಾಕಿದ್ದರು, ನಾನು ಸ್ವಿಚ್ ಜೊತೆ ಅದನ್ನೂ ಡಬ್ಬಿಗೆ ಸೇರಿಸಿ ಬಿಳಿ ಟೇಪ್ ಸುತ್ತಿ ಕೂರಿಸಿದ್ದೆ. ವರ್ನಿಯರ್‌ನಲ್ಲಿ ಅಳೆದರೆ ದಪ್ಪ 2 ಮಿಲಿಮೀಟರ್. ಅದಿಲ್ಲದೆ ಸ್ವಿಚ್ ಹತ್ತಿರ ಹತ್ತಿರ 2 ಮಿಲಿಮೀಟರ್ ಜಾಸ್ತಿ ಒಳಗೆ ಹೋಗಿದೆ. ಪ್ರತಿ ಸಲ ರಿವರ್ಸ್ ಹಾಕಿದಾಗ ರಾಡು ಅದರ ಮೂತಿಯನ್ನು ಇನ್ನು ಜಾಗವಿಲ್ಲದ ತನಕ ಗುದ್ದಿದೆ. ವಾಷರ್ ಬರೀ ಎಣ್ಣೆ ತಡೆಯಲು ಅಂತ ತಿಳಿದಿದ್ದೆ. ಸ್ವಿಚ್ ಎಷ್ಟು ಆಳ ಕೂರಬೇಕು ಅನ್ನುವುದನ್ನೂ ಅದೇ ಹೇಳುತ್ತದೆ.

ಮೊದಲೆರಡನ್ನು ಕೊಂದದ್ದು ಅಣ್ಣ, ಮೂರನೆಯದನ್ನು ಕೊಂದದ್ದು ನಾನು. ಅಣ್ಣನಿಗೆ ಇದನ್ನು ಹೇಳಲು ಒಂದು ವಾರ ತೆಗೆದುಕೊಂಡೆ.

ಏಪ್ರಿಲ್ ಕೊನೆ

ರಿಂಗ್ ರೋಡಿನ ಹತ್ತಿರ ಒಬ್ಬ ಹಿರಿಯ ಮೆಕ್ಯಾನಿಕ್ ಚಾಚಾ ಇದ್ದಾರೆ. ವಾಷರ್ ತೋರಿಸಿದೆ. "ಹಳೇದು ಹಂಗೇ ಹಾಕಬ್ಯಾಡ್ರಿ, ಒತ್ತಿ ಒತ್ತಿ ಗಟ್ಟಿ ಆಗಿರ್ತದ. ಕೆಂಪಗ ಆಗೋತನ ಕಾಸಿ ನೀರಾಗ ಹಾಕ್ರಿ, ಮೆತ್ತಗ ಆಗ್ತದ" ಎಂದರು. ಗಟ್ಟಿ ಜಾತಿಯ ಉಕ್ಕು ಹೀಗೆ ಮಾಡಿದರೆ ಇನ್ನೂ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಅಮ್ಮ ರೊಟ್ಟಿ ಬಡಿದು ಮುಗಿಸಿದ ಮೇಲೆ ಗ್ಯಾಸ್ ಒಲೆಯಲ್ಲಿ ಇಕ್ಕಳ ಹಿಡಿದು ಕಾಸಿದೆ. ಒಲೆಗೆ ಗೇರ್ ಎಣ್ಣೆಯ ವಾಸನೆ ಹತ್ತಿತು ಅಂತ ಬೈಸಿಕೊಂಡೆ.

ಈ ಸಲ, ನಾಲ್ಕನೇ ಸ್ವಿಚ್ಚನ್ನು, ಸುಮ್ಮನೆ ಬಿಗಿಯಲಿಲ್ಲ. ಸ್ವಿಚ್ಚಿನ ಎರಡು ಪಿನ್ನಿಗೆ ಮೀಟರ್ ಕಟ್ಟಿ, ಬೀಪ್‌ನಲ್ಲಿಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ತಿರುಗಿಸಿದೆ. ಮೊದಲು ವಾಷರ್ ಇಲ್ಲದೆ. ಕೊನೆಯ ಕಾಲು ಸುತ್ತಿನಲ್ಲಿ, ರಿವರ್ಸ್ ಹಾಕದೆಯೇ, ಬೀಪ್ ಬಂದೇ ಬಿಟ್ಟಿತು. ಜನವರಿಯಲ್ಲಿ ಟೇಪಿನ ಬಿಗಿಗೆ ಆ ಕಾಲು ಸುತ್ತು ಉಳಿದಿರಬೇಕು, ಇಲ್ಲದಿದ್ದರೆ ಲೈಟ್ ಅಂದೇ ಆರುತ್ತಿರಲಿಲ್ಲ. ವಾಷರ್ ಹಾಕಿ ಬಿಗಿದರೆ ನ್ಯೂಟ್ರಲ್‌ನಲ್ಲಿ ಸದ್ದಿಲ್ಲ, ರಿವರ್ಸ್‌ನಲ್ಲಿ ಬೀಪ್. ಎರಡು ನಿಮಿಷದ ಪರೀಕ್ಷೆ. ಜನವರಿಯಲ್ಲೇ ಮಾಡಬಹುದಿತ್ತು, ಅಲ್ವಾ?

ಡಿಸೆಂಬರ್

ನಾಲ್ಕನೇ ಸ್ವಿಚ್ಚಿಗೆ ಏಳು ತಿಂಗಳು ದಾಟಿತು. ಮಳೆಗಾಲದಲ್ಲಿ ಕರಿ ಮಣ್ಣಿನ ಕೆಸರು ಕಪ್ಲರ್ ತನಕ ಮೆತ್ತಿಕೊಂಡಿತ್ತು, ತೊಳೆದು ಗ್ರೀಸ್ ಹಚ್ಚಿದೆ. ನಿನ್ನೆ ಅಳೆದರೆ 0.09 ವೋಲ್ಟ್. ಎಡಗಡೆ ಬಲ್ಬು ಸ್ವಲ್ಪ ಮಂಕು, ಅದರ ಅರ್ಥ್ ಬೋಲ್ಟಿಗೆ ಜಂಗು ಹಿಡಿದಿದೆ. ಉಜ್ಜಬೇಕು.

ತೊಗರಿ ಮತ್ತೆ ಒಣಗುತ್ತಿದೆ. ಇವತ್ತು ಅಣ್ಣನ ಫೋನ್. ಹಿಂದೆ ತೆಗೆಯುವಾಗ ಹಾಡು ಹೇಳುವ ರಿವರ್ಸ್ ಹಾರ್ನ್ ತಂದಿದ್ದಾನಂತೆ. "ಎಳ್ಳ ಅಮಾಸಿಗಿ ಹೊಲಕ್ಕ ಬರ್ತೀಯಲ್ಲ, ಭಜ್ಜಿ ಉಂಡು ಇದೊಂದು ಹಚ್ಚಿ ಹೋಗು. ಎರಡೇ ವೈರ್ ಅವ, ಲೈಟಿಗೇ ಗಂಟು ಹಾಕಿದ್ರ ಮುಗೀತು" ಎಂದ. ಮುಟ್ಟಬೇಡ ಅಂತ ಹೇಳಿ, ಮೀಟರನ್ನು ಚೀಲದಲ್ಲಿ ಹಾಕಿಟ್ಟಿದ್ದೇನೆ.