ಎದೆ ಬೆಂದಿತ್ತು, ತೊಡೆಯ ಸಂದು ಬೆಂದಿರಲಿಲ್ಲ

ಅಂದು ಸಂಜೆ ಐದೂವರೆಯ ಹೊತ್ತಿಗೆ ನಾನು ಪಾತ್ರೆ ತೊಳೆಯುವ ಡಿಶ್ ಪಿಟ್‌ನ ಬಳಿ ನಿಂತು, ಹಾಲ್‌ನಿಂದ ಮರಳಿ ಬರುತ್ತಿದ್ದ ತಟ್ಟೆಗಳನ್ನು ನೋಡುತ್ತಿದ್ದೆ. ಆಲೂಗಡ್ಡೆ ಖಾಲಿಯಾಗಿತ್ತು, ಕ್ರ್ಯಾನ್‌ಬೆರಿ ಸಾಸ್ ಖಾಲಿಯಾಗಿತ್ತು, ತೊಡೆಯ ಮಾಂಸ ಹಾಕಿಸಿಕೊಂಡವರ ತಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಟರ್ಕಿ ಕೋಳಿಯ ಎದೆಯ ಬಿಳಿ ಹೋಳುಗಳು ಮಾತ್ರ ಒಂದು ತುಂಡು ಕತ್ತರಿಸಿ ತಿಂದು ಬಿಟ್ಟಂತೆ ತಟ್ಟೆಯ ಅಂಚಿಗೆ ಸರಿದು, ಒಂದರ ಹಿಂದೆ ಒಂದು ಹಿಂದಿರುಗಿದವು. ಹಬ್ಬದ ಊಟಕ್ಕೆಂದು ಕುಟುಂಬ ಸಮೇತ ಬಂದವರು ಯಾರೂ ದೂರು ಹೇಳಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು. ಆ ಹೋಳುಗಳಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡಿದ್ದರೆ ನಾನೂ ಎರಡನೆಯದಕ್ಕೆ ಕೈ ಹಾಕುತ್ತಿರಲಿಲ್ಲ.

ನಾನು ಉಡುಪಿಯ ಕಡೆಯವನು. ಮಿನಿಯಾಪೊಲಿಸ್ ನಗರದ ಒಂದು ಹೋಟೆಲಿನ ಬ್ಯಾಂಕ್ವೆಟ್ ಕಿಚನ್‌ನಲ್ಲಿ ಸೂ ಶೆಫ್, ಅಂದರೆ ಮುಖ್ಯ ಶೆಫ್‌ನ ನಂತರದವನು, ಆಗಿದ್ದೇನೆ. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಊಟ ನಮ್ಮಲ್ಲಿ ವರ್ಷದ ಅತಿ ದೊಡ್ಡ ಬಫೆ. ಆ ವರ್ಷದ ಬಿಇಒದಲ್ಲಿ, ಅಂದರೆ ಊಟದ ವಿವರವೆಲ್ಲ ಇರುವ ಬ್ಯಾಂಕ್ವೆಟ್ ಆದೇಶಪತ್ರದಲ್ಲಿ, 210 ಜನ, ಮೂರು ಗಂಟೆಗೆ ಬಾಗಿಲು, ಅತಿಥಿಗಳ ಮುಂದೆಯೇ ಮಾಂಸ ಕತ್ತರಿಸಿ ಬಡಿಸುವ ಕಾರ್ವಿಂಗ್ ಸ್ಟೇಷನ್‌ನಲ್ಲಿ ಇಡೀ ಟರ್ಕಿ ಎಂದು ಬರೆದಿತ್ತು. ತಲೆಗೊಂದು ಪೌಂಡಿನ ಲೆಕ್ಕದಲ್ಲಿ 18 ಪೌಂಡಿನ ಹನ್ನೆರಡು ಕೋಳಿಗಳು ಸಾಕಾಗುತ್ತಿದ್ದವು, ನಾನು ಅಷ್ಟನ್ನೇ ಬರೆದುಕೊಟ್ಟಿದ್ದೆ.

ಕೋಳಿಗಳು ಹಿಂದಿನ ವಾರದ ಶುಕ್ರವಾರವೇ ಬರಬೇಕಾಗಿತ್ತು, ಆದರೆ ಬಂದದ್ದು ಸೋಮವಾರ ಬೆಳಗ್ಗೆ ಏಳಕ್ಕೆ, ಕಲ್ಲಿನಂತೆ ಹೆಪ್ಪುಗಟ್ಟಿದ ಸ್ಥಿತಿಯಲ್ಲಿ. ಅಮೆರಿಕದಲ್ಲಿ ಟರ್ಕಿ ಸಾಕಣೆಗೆ ಮುಂಚೂಣಿಯಲ್ಲಿರುವ ರಾಜ್ಯ ಮಿನೆಸೋಟ. ತಾಜಾ ಕೋಳಿ ಸಿಗದ ಊರೇನೂ ಇದಲ್ಲ. ಆದರೂ ಪೌಂಡಿಗೆ ಕೆಲವು ಸೆಂಟ್ ಉಳಿಯುತ್ತದೆಂದು ನಮ್ಮ ಪರ್ಚೇಸಿಂಗ್ ವಿಭಾಗ ಪ್ರತಿ ವರ್ಷ ಫ್ರೋಜನ್ ಕೋಳಿಯನ್ನೇ ತರಿಸುತ್ತದೆ. ಉಳಿಸಿದ ಆ ಹಣ ಗುರುವಾರ ಮಧ್ಯಾಹ್ನ ಹೇಗೆ ಖರ್ಚಾಗುತ್ತದೆ ಎಂಬುದು ಅವರ ಕಾಗದದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಇದನ್ನು ನಾನು ಸಭೆಯಲ್ಲಿ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಆದರೆ ತಡವಾಗಿ ಬಂದ ಕೋಳಿಯನ್ನು ಕರಗಿಸಬೇಕಾದವನು ನಾನು, ಮತ್ತು ಮುಖ್ಯ ತಪ್ಪು ಅಲ್ಲಿಯೇ ಆಯಿತು. ವಾಕ್-ಇನ್‌ನಲ್ಲಿ, ಅಂದರೆ ಒಳಗೆ ನಡೆದುಹೋಗುವಷ್ಟು ದೊಡ್ಡ ಕೂಲರ್‌ನಲ್ಲಿ, ಕರಗಲು ಪ್ರತಿ ನಾಲ್ಕೈದು ಪೌಂಡಿಗೆ ಒಂದು ಪೂರ್ತಿ ದಿನ ಬೇಕು. 18 ಪೌಂಡಿಗೆ ಕಡಿಮೆಯೆಂದರೂ ಮೂರೂವರೆ ದಿನಕ್ಕಿಂತ ಹೆಚ್ಚು, ನನ್ನ ಬಳಿ ಇದ್ದದ್ದು ಮೂರು ದಿನ. ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸುತ್ತಾ ಹೋದರೆ ಪೌಂಡಿಗೆ ಅರ್ಧ ಗಂಟೆಯಂತೆ ಒಂಬತ್ತು ಗಂಟೆಗಳಲ್ಲಿ ಕರಗಿಸಬಹುದಿತ್ತು. ಆದರೆ ಎರಡೂ ಪ್ರೆಪ್ ಸಿಂಕ್‌ಗಳಲ್ಲಿ ಆಲೂಗಡ್ಡೆ ತುಂಬಿತ್ತು, ಟ್ರೇ ಜೋಡಿಸುವ ಸ್ಪೀಡ್ ರ್ಯಾಕ್‌ಗಳಲ್ಲೆಲ್ಲ ಪಂಪ್ಕಿನ್ ಪೈ ಇತ್ತು. ಕೋಳಿಗಳನ್ನು ರಟ್ಟಿನ ಪೆಟ್ಟಿಗೆಗಳಿಂದ ಹೊರತೆಗೆಯದೆ ವಾಕ್-ಇನ್‌ನ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟೆ. ರಟ್ಟು ಶಾಖವನ್ನು ಒಳಗೆ ಬಿಡುವುದಿಲ್ಲ, ತಣ್ಣಗಿರುವುದನ್ನು ತಣ್ಣಗೇ ಕಾಯುತ್ತದೆ. ನಡುವಿನ ಪೆಟ್ಟಿಗೆಗಳು ಒಂದನ್ನೊಂದು ಇನ್ನಷ್ಟು ತಂಪಾಗಿ ಇಟ್ಟವು. ದಿನವೂ ಮೇಲಿನ ಪೆಟ್ಟಿಗೆ ತೆರೆದು, ಕೋಳಿಯ ಎದೆಯನ್ನು ಬೆರಳಿನಿಂದ ಒತ್ತಿ, ಮೆತ್ತಗಿದೆಯೆಂದು ಸಮಾಧಾನಪಟ್ಟುಕೊಂಡು ಮುಚ್ಚುತ್ತಿದ್ದೆ.

ಬುಧವಾರ ಸಂಜೆ ಹೊಟ್ಟೆಯೊಳಗಿನ ಕತ್ತು ಮತ್ತು ಗುಂಡಿಗೆ-ಈಲಿಯ ಚೀಲಗಳನ್ನು ತೆಗೆಯುವಾಗ, ಕೆಲವು ಕೋಳಿಗಳಲ್ಲಿ ಆ ಚೀಲ ಪಕ್ಕೆಲುಬಿಗೆ ಅಂಟಿಕೊಂಡಿತ್ತು. ಎಳೆದರೆ ಮಂಜಿನ ಹರಳು ಕೈಗೆ ಬಂತು. ನನ್ನ ಜೊತೆಗಿದ್ದ ಕಿರಿಯ ಅಡುಗೆಯವನು ಅದನ್ನು ನನಗೆ ತೋರಿಸಿಯೇ ಕೇಳಿದ, ನಾನು 'ರಾತ್ರಿ ಕಳೆಯುವಷ್ಟರಲ್ಲಿ ಕರಗುತ್ತದೆ, ಉಳಿದದ್ದನ್ನು ಓವನ್ ನೋಡಿಕೊಳ್ಳುತ್ತದೆ' ಎಂದೆ. ಪೂರ್ತಿ ಹೆಪ್ಪುಗಟ್ಟಿದ ಟರ್ಕಿಯನ್ನೂ ಸುರಕ್ಷಿತವಾಗಿ ಬೇಯಿಸಬಹುದು ಎಂಬುದು ನಿಜ, ಆದರೆ ಅದಕ್ಕೆ ಕನಿಷ್ಠ ಒಂದೂವರೆ ಪಟ್ಟು ಸಮಯ ಬೇಕು. ನಾನು ಆ ಸಮಯವನ್ನು ಲೆಕ್ಕಕ್ಕೆ ಸೇರಿಸಲಿಲ್ಲ. ಅರ್ಧ ಕರಗಿದ ಕೋಳಿ ಅದಕ್ಕಿಂತಲೂ ಮೋಸದ್ದು, ಏಕೆಂದರೆ ಅದರ ಹೊರಭಾಗ ಮಾಮೂಲಿ ಕೋಳಿಯಂತೆ ಬೇಯುತ್ತದೆ, ಒಳಭಾಗ ಹಿಂದೆ ಉಳಿಯುತ್ತದೆ.

ಉಪ್ಪಿನ ವಿಷಯದಲ್ಲಿ ಮಾತ್ರ ಎಚ್ಚರವಾಗಿದ್ದೆ. ಪೆಟ್ಟಿಗೆಯ ಲೇಬಲ್‌ನಲ್ಲಿ 8 ಶೇಕಡಾವರೆಗೆ ಉಪ್ಪುನೀರಿನ ದ್ರಾವಣ ಸೇರಿಸಲಾಗಿದೆಯೆಂದು ಬರೆದಿತ್ತು. ಅಂಥ ಕೋಳಿಯನ್ನು ಮತ್ತೆ ಉಪ್ಪುನೀರಿನಲ್ಲಿ ನೆನೆಸಿದರೆ ಗ್ರೇವಿ ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ.

ಗುರುವಾರ ಬೆಳಗ್ಗೆ 9.40ಕ್ಕೆ ಮೂರು ಕನ್ವೆಕ್ಷನ್ ಓವನ್‌ಗಳಲ್ಲಿ ತಲಾ ನಾಲ್ಕು ಕೋಳಿಗಳನ್ನು 325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಇಟ್ಟೆವು. ಒಂದೂ ಕಾಲರ ಹೊತ್ತಿಗೆ ಎದೆಗೆ ಚುಚ್ಚಿದ್ದ, ಮಾಂಸ ಬೆಂದಾಗ ಮೇಲೇಳುವ ಪ್ಲಾಸ್ಟಿಕ್ ಟೈಮರ್‌ಗಳು ಒಂಬತ್ತು ಕೋಳಿಗಳಲ್ಲಿ ಮೇಲೆದ್ದಿದ್ದವು. ನಾನು ಮುಂದಿನ ಸಾಲಿನ ಎರಡು ಕೋಳಿಗಳ ಎದೆಯ ದಪ್ಪ ಭಾಗಕ್ಕೆ ಉಷ್ಣತೆ ಅಳೆಯುವ ಪ್ರೋಬ್ ಚುಚ್ಚಿದೆ, 168 ತೋರಿಸಿತು. ಕೋಳಿಮಾಂಸಕ್ಕೆ ನಿಯಮ ಹೇಳುವ ಕನಿಷ್ಠ ಉಷ್ಣತೆ 165, ಅಂದರೆ 74 ಸೆಲ್ಸಿಯಸ್. ಬಣ್ಣ ಚಿನ್ನದಂತೆ ಬಂದಿತ್ತು, ಚರ್ಮ ಗರಿಯಾಗಿತ್ತು. ಒಂದೂವರೆಗೆ ಹನ್ನೆರಡನ್ನೂ ಹೊರತೆಗೆಸಿದೆ. ತೊಡೆಯ ಸಂದಿಗೆ ಒಂದೇ ಒಂದು ಕೋಳಿಯಲ್ಲೂ ಪ್ರೋಬ್ ಹಾಕಲಿಲ್ಲ.

ಎರಡೂ ಹತ್ತಕ್ಕೆ ಮೊದಲ ಕೋಳಿಯನ್ನು ಹಲಗೆಯ ಮೇಲಿಟ್ಟು ಕಾಲನ್ನು ಹೊರಕ್ಕೆ ತಿರುವಿದೆ. ಸಂದು ಬಿಟ್ಟುಕೊಳ್ಳಲಿಲ್ಲ. ಬೆಂದ ಕೋಳಿಯ ಕಾಲು ತಾನಾಗಿಯೇ ಕೈಗೆ ಬರುತ್ತದೆ. ಇದು ರಬ್ಬರಿನಂತೆ ಎಳೆದಿಟ್ಟುಕೊಂಡಿತು. ಚಾಕು ಹಾಕಿದಾಗ ಎಲುಬಿನ ಸುತ್ತ ಮಾಂಸ ಗಾಜಿನಂತೆ ಹೊಳೆಯುತ್ತಿತ್ತು. ಎಲುಬಿನ ಬಳಿಯ ಕೆಂಪು ಬಣ್ಣವೊಂದೇ ಹಸಿಯೆಂಬುದಕ್ಕೆ ಸಾಕ್ಷಿಯಲ್ಲ ಎಂದು ಗೊತ್ತಿದ್ದರಿಂದ ಪ್ರೋಬ್ ಇಟ್ಟೆ. 139. ಕೈ ತಣ್ಣಗಾಯಿತು. ಉಳಿದ ಹನ್ನೊಂದಕ್ಕೂ ಒಂದೊಂದಾಗಿ ಚುಚ್ಚುತ್ತಾ ಹೋದೆ, ಹುಡುಗನೊಬ್ಬ ಪಕ್ಕದಲ್ಲಿ ನಿಂತು ಟೇಪಿನ ಮೇಲೆ ಸಂಖ್ಯೆ ಬರೆದು ಅಂಟಿಸುತ್ತಾ ಬಂದ. ಐದು ಕೋಳಿ 165 ದಾಟಿದ್ದವು, ಏಳು ದಾಟಿರಲಿಲ್ಲ, ಅತಿ ಕಡಿಮೆಯದು 131. ಅವೇ ಕೋಳಿಗಳ ಎದೆ ಅಷ್ಟರಲ್ಲಿ 174ಕ್ಕೆ ಏರಿತ್ತು, ಏಕೆಂದರೆ ದೊಡ್ಡ ಕೋಳಿ ಓವನ್‌ನಿಂದ ಹೊರಬಂದ ಮೇಲೂ ತನ್ನೊಳಗಿನ ಶಾಖದಿಂದ ಐದರಿಂದ ಹತ್ತು ಡಿಗ್ರಿ ಮೇಲೇರುತ್ತದೆ. ಒಂದೇ ಕೋಳಿಯಲ್ಲಿ ಎದೆ ಒಣಗಿತ್ತು, ತೊಡೆ ಹಸಿಯಾಗಿತ್ತು. ಬಾಗಿಲು ತೆರೆಯಲು ನಲವತ್ತು ನಿಮಿಷ ಉಳಿದಿತ್ತು.

ಆಗ ನಾನು ಇನ್ನೊಂದು ತಪ್ಪು ಮಾಡಿದೆ. ಎರಡು ಕೋಳಿಗಳನ್ನು ಫಾಯಿಲ್ ಹೊದಿಸಿ ಹಾಗೆಯೇ ಓವನ್‌ಗೆ ಮರಳಿ ತಳ್ಳಿ ಬಾಗಿಲು ಮುಚ್ಚಿದೆ. ಇಡೀ ಕೋಳಿ ಕಾರ್ವಿಂಗ್ ಸ್ಟೇಷನ್‌ನಲ್ಲಿ ಇರಬೇಕೆಂಬ ಬಿಇಒದ ಸಾಲು ಕಣ್ಣ ಮುಂದೆ ಇತ್ತು, ಅದನ್ನು ಮೀರುವ ಯೋಚನೆಯೇ ಬರಲಿಲ್ಲ. ಆರು ನಿಮಿಷ ಓವನ್ನಿನ ಗಾಜಿನ ಮುಂದೆ ನಿಂತೆ. ನಮ್ಮ ಹಿರಿಯ ಬುಚರ್, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಈ ಕೆಲಸದಲ್ಲಿರುವ ಮೆಕ್ಸಿಕೊ ಮೂಲದವರು, ಬೋನಿಂಗ್ ಚಾಕು ಹಿಡಿದು ಬಂದು, 'ಶೆಫ್, ಕಾಲು ಬೇಯುವ ಹೊತ್ತಿಗೆ ಎದೆ ಹುಲ್ಲಾಗುತ್ತದೆ. ಬಿಡಿಸಿಬಿಡೋಣ' ಎಂದರು.

ಅವರು ಹೇಳಿದ್ದು ಹೊಸದೇನೂ ಅಲ್ಲ. ನಮ್ಮ ಮನೆಯಲ್ಲಿ ಅಮ್ಮ ಊರ ಕೋಳಿಯನ್ನು ಯಾವತ್ತೂ ಇಡಿಯಾಗಿ ಬೇಯಿಸಿದವರಲ್ಲ. ಎಲುಬು ಸಮೇತ ತುಂಡು ಮಾಡಿ, ಕಾಲಿನ ತುಂಡುಗಳನ್ನು ಮೊದಲು ಹಾಕಿ, ಎದೆಯ ತುಂಡುಗಳನ್ನು ಆಮೇಲೆ ಸೇರಿಸುತ್ತಿದ್ದರು, ಮತ್ತು ಪ್ರತಿ ತುಂಡೂ ಸಾರಿನಲ್ಲೇ ಮುಳುಗಿರುತ್ತಿತ್ತು. ನಾನು ಅದನ್ನು ನೋಡುತ್ತಲೇ ಬೆಳೆದವನಾದರೂ, ಇಲ್ಲಿ ಬಂದು ಇಡೀ ಹಕ್ಕಿಯ ಚಿತ್ರಕ್ಕೆ ಕಣ್ಣು ಕೊಟ್ಟು, ಅದು ಎರಡು ಬಗೆಯ ಮಾಂಸ ಎಂಬುದನ್ನೇ ಮರೆತಿದ್ದೆ.

ಎರಡೂ ಮೂವತ್ತೈದಕ್ಕೆ ಬುಚರ್, ನಾನು, ಇನ್ನಿಬ್ಬರು ಸೇರಿ ಏಳು ಕೋಳಿಗಳನ್ನು ಬಿಡಿಸಿದೆವು. ಹದಿನಾಲ್ಕು ಕಾಲುಗಳು ಒಂದೇ ಪದರದಲ್ಲಿ, ಚರ್ಮ ಮೇಲಾಗಿ, ಎರಡು ಶೀಟ್ ಟ್ರೇಗಳಲ್ಲಿ 425 ಡಿಗ್ರಿಗೆ ಹೋದವು. ಎದೆಗಳನ್ನು ಎಲುಬಿನಿಂದ ಬಿಡಿಸಿ ನೋಡಿದರೆ, ಎರಡರಲ್ಲಿ ಪಕ್ಕೆಲುಬಿಗೆ ತಗುಲಿದ ಭಾಗ 160ಕ್ಕಿಂತ ಕೆಳಗಿತ್ತು. ಅವುಗಳ ಹೋಳುಗಳನ್ನು ಕುದಿಯುತ್ತಿದ್ದ ಸ್ಟಾಕ್‌ನಲ್ಲಿ (ಎಲುಬಿನ ತಿಳಿಸಾರಿನಲ್ಲಿ) ಇಟ್ಟು, 165 ದಾಟಿದ ಮೇಲಷ್ಟೇ ಪ್ಯಾನ್‌ಗೆ ತೆಗೆದೆವು. ಉಳಿದ ಹೋಳುಗಳ ಮೇಲೆ ಬೆಣ್ಣೆ ಕರಗಿಸಿದ ಬಿಸಿ ಸ್ಟಾಕ್ ಸುರಿದು, ಫಾಯಿಲ್ ಬಿಗಿದು, ಹಾಟ್ ಬಾಕ್ಸ್‌ಗೆ ಸೇರಿಸಿದೆವು. ಮೂರು ಗಂಟೆಗೆ ಬಾಗಿಲು ತೆರೆದಾಗ ಸರಿಯಾಗಿ ಬೆಂದಿದ್ದ ಐದು ಕೋಳಿಗಳು ಸ್ಟೇಷನ್‌ನಲ್ಲಿದ್ದವು. ಅವುಗಳ ತೊಡೆಯ ಮಾಂಸ ಹತ್ತು ನಿಮಿಷಕ್ಕೇ ಮುಗಿಯಿತು. ಎರಡನೆಯ ಬ್ಯಾಚಿನ ಕಾಲುಗಳು 175 ಮುಟ್ಟಿ, ಕತ್ತರಿಸಿ ಹೊರಗೆ ಬಂದಾಗ 3.25. ಆ ಹದಿನೈದು ನಿಮಿಷ ಖಾಲಿ ಚೇಫಿಂಗ್ ಡಿಶ್‌ನ ಮುಂದೆ ನಿಂತ ಅತಿಥಿಗಳಿಗೆ ಹಾಲ್ ಮ್ಯಾನೇಜರ್ ಉತ್ತರ ಹೇಳಬೇಕಾಯಿತು, ಅವರ ಸಿಟ್ಟು ನ್ಯಾಯವಾದದ್ದೇ. ಹಸಿ ಮಾಂಸ ಯಾರ ತಟ್ಟೆಗೂ ಹೋಗಲಿಲ್ಲ. ಆದರೆ ಸ್ಟಾಕ್ ಸುರಿದರೆ ಹೋಳಿನ ಹೊರಮೈ ಒದ್ದೆಯಾಗುತ್ತದೆ, ನಾರಿನೊಳಗಿಂದ ಹಿಂಡಿ ಹೋದ ರಸ ಮರಳಿ ಬರುವುದಿಲ್ಲ. ಆ ಹೋಳುಗಳೇ ಸಂಜೆ ಡಿಶ್ ಪಿಟ್‌ಗೆ ಬಂದದ್ದು.

ಟರ್ಕಿಯ ಎದೆಯಲ್ಲಿ ಕೊಬ್ಬು ಕಡಿಮೆ, ನಾರು ನಯ. 165 ದಾಟಿ ಏರಿದಂತೆಲ್ಲ ನಾರು ಬಿಗಿದುಕೊಂಡು ನೀರನ್ನು ಹೊರಗೆ ತಳ್ಳುತ್ತದೆ. ಹಕ್ಕಿ ದಿನವಿಡೀ ನಡೆದಾಡುವ ಕಾಲಿನಲ್ಲಿ ಕೊಲಾಜನ್ ಹೆಚ್ಚು, ಅದು 175ರ ಸುಮಾರಿಗೆ ಕರಗಿ ಜೆಲಟಿನ್ ಆದಾಗಲೇ ತೊಡೆ ಮೃದುವಾಗುತ್ತದೆ. ಓವನ್ ಬಾಗಿಲು ತೆರೆದು ಚಮಚದಿಂದ ರಸ ಸುರಿಯುವ ಬೇಸ್ಟಿಂಗ್‌ನಿಂದ ಚರ್ಮಕ್ಕೆ ಬಣ್ಣ ಬರಬಹುದು, ಒಳಗಿನ ಮಾಂಸಕ್ಕೆ ಏನೂ ಸಿಗುವುದಿಲ್ಲ, ಓವನ್ ಮಾತ್ರ ಪ್ರತಿ ಸಲ ತಣ್ಣಗಾಗುತ್ತದೆ. ಎದೆಗೆ ನಿಜವಾಗಿ ನೆರವಾಗುವುದು ಉಪ್ಪು. ಅದು ಒಳಗಿಳಿದು ಸ್ನಾಯುವಿನ ಪ್ರೋಟೀನನ್ನು ಸಡಿಲಿಸುವುದರಿಂದ ಬೇಯುವಾಗ ನಾರು ಅಷ್ಟು ಬಿಗಿಯುವುದಿಲ್ಲ, ನೀರು ಒಳಗೇ ಉಳಿಯುತ್ತದೆ. ಆದರೆ 174 ಡಿಗ್ರಿಯ ಎದೆಯನ್ನು ಉಪ್ಪೂ ಉಳಿಸುವುದಿಲ್ಲ, ನಮ್ಮ ಕೋಳಿಗಳಲ್ಲಿ ದ್ರಾವಣವಿದ್ದೂ ಅವು ಒಣಗಿದವು.

ಮರುದಿನದ ಸಭೆಯಲ್ಲಿ ನಾನು ಪೆಟ್ಟಿಗೆಯ ವಿಷಯವನ್ನೂ ಬುಧವಾರ ಕೈಗೆ ಬಂದ ಮಂಜಿನ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ಪರ್ಚೇಸಿಂಗ್‌ನವರು ತಡವಾದ ಡೆಲಿವರಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಹೊಸ ವೈರ್‌ಲೆಸ್ ಪ್ರೋಬ್‌ಗಳನ್ನು ತರಿಸಿಕೊಡುತ್ತೇವೆ ಎಂದರು. ತರಿಸಿದರು ಕೂಡ, ಆದರೆ ನಾನು ತೊಡೆಯ ಸಂದಿಗೆ ಚುಚ್ಚದೆ ಬಿಟ್ಟಿದ್ದಕ್ಕೆ ಪ್ರೋಬ್‌ನ ಕೊರತೆ ಕಾರಣವಾಗಿರಲಿಲ್ಲ. ಜೇಬಿನಲ್ಲಿದ್ದದ್ದು ಸರಿಯಾಗಿಯೇ ಇತ್ತು. ಅಂದು ಬೆಳಗ್ಗೆಯಷ್ಟೇ ಮಂಜುನೀರಿನಲ್ಲಿ 32 ತೋರಿಸಿತ್ತು.

ಈಗ ನಾವು ದ್ರಾವಣ ಸೇರಿಸದ ಕೋಳಿಗಳನ್ನೇ ಕೇಳಿ ತರಿಸುತ್ತೇವೆ. ಪೆಟ್ಟಿಗೆ ಬಿಚ್ಚಿ, ಶೀಟ್ ಟ್ರೇಗಳಲ್ಲಿ ಒಂದೇ ಪದರದಲ್ಲಿ ಕರಗಿಸುತ್ತೇವೆ, ಪೈಗಳು ಬೇಕರಿಯ ಕೂಲರ್‌ನಲ್ಲೇ ಇರುತ್ತವೆ. ಮಂಗಳವಾರ ಬೆಳಗ್ಗೆ ಪ್ರತಿ ಕೋಳಿಯ ಹೊಟ್ಟೆಯೊಳಗೂ ಕೈ ಹಾಕುತ್ತೇನೆ. ಒಂದು ಹರಳು ತಗುಲಿದರೂ ಅದು ಸಿಂಕ್‌ನ ತಣ್ಣೀರಿಗೆ ಹೋಗುತ್ತದೆ, ಆಲೂಗಡ್ಡೆ ಕಾಯಬೇಕು. ಅಂದೇ ಸಂಜೆಯೊಳಗೆ ಕೋಳಿಗಳನ್ನು ಬಿಡಿಸಿ, ಪೌಂಡಿಗೆ ಅರ್ಧ ಟೀ ಚಮಚ ದಪ್ಪ ಹರಳಿನ ಕೋಷರ್ ಉಪ್ಪು ಸವರಿ, ಚರ್ಮ ಒಣಗಲೆಂದು ಮುಚ್ಚದೆ ಇಡುತ್ತೇವೆ. ಕಾಲುಗಳನ್ನು ಬುಧವಾರವೇ ಸ್ಟಾಕ್‌ನಲ್ಲಿ ನಿಧಾನವಾಗಿ ಬೇಯಿಸಿ, ಬೇಗ ತಣಿಸಿ, ಗುರುವಾರ ಬಿಸಿ ಓವನ್‌ನಲ್ಲಿ ಚರ್ಮ ಗರಿಮಾಡುತ್ತೇವೆ. ಎದೆಗಳನ್ನು ಎಲುಬಿನ ಮೇಲೆಯೇ ಹುರಿದು, ದಪ್ಪ ಭಾಗದ ಮಧ್ಯದಲ್ಲಿ, ಎಲುಬಿಗೆ ತಾಗದಂತೆ ಅಳೆದು, 158ಕ್ಕೆ ಹೊರತೆಗೆಯುತ್ತೇವೆ. ಅರ್ಧ ಗಂಟೆಯ ವಿರಾಮದಲ್ಲಿ ಅವು 165ಕ್ಕೆ ಬಂದದ್ದನ್ನು ಮತ್ತೆ ಚುಚ್ಚಿ ನೋಡಿಯೇ ಚಾಕು ಹಾಕುವುದು, ಬರದಿದ್ದರೆ ಓವನ್‌ಗೆ ಮರಳುವುದು.

ಫೋಟೊಗೆ ಇಡೀ ಟರ್ಕಿ ಬೇಕೆಂದು ಮ್ಯಾನೇಜ್‌ಮೆಂಟ್ ಇಂದಿಗೂ ಕೇಳುತ್ತದೆ. ಒಂದನ್ನು ಇಡಿಯಾಗಿ ಹುರಿದು ಸ್ಟೇಷನ್‌ನ ಮಧ್ಯೆ ಇಡುತ್ತೇನೆ, ಬಡಿಸುವುದು ಅದರ ಪಕ್ಕದ ಪ್ಯಾನ್‌ನಿಂದ. ಈ ವರ್ಷದ ಆರ್ಡರ್‌ನಲ್ಲಿ ಡೆಲಿವರಿ ದಿನ ಹಬ್ಬದ ಹಿಂದಿನ ಶುಕ್ರವಾರ ಎಂದು ಬರೆಸಿ ಪರ್ಚೇಸಿಂಗ್‌ನವರ ಸಹಿ ಹಾಕಿಸಿಕೊಂಡಿದ್ದೇನೆ. ಅದರ ಪ್ರತಿ ವಾಕ್-ಇನ್‌ನ ಬಾಗಿಲಿನ ಮೇಲಿದೆ.