ಬಾವಿಯಿಂದ ಶುರುವಾಗುವ ಗುಡ್ಡ

ಎಲ್ಲಮ್ಮನ ಗುಡ್ಡಕ್ಕೆ ನಾನು ಹೋಗದ ವರ್ಷವಿಲ್ಲ. ಹೋಗುತ್ತಿದ್ದದ್ದು ಹೇಗೆ ಅಂತ ಕೇಳಬೇಡಿ. ಗಾಡಿ ಸೀದಾ ಮೇಲೆ, ಪಾಳಿ, ಕಾಯಿ, ಅರಿಸಿನದ ಭಂಡಾರ, ವಾಪಸ್. ಈ ಸಲ ಭಾರತ ಹುಣ್ಣಿಮೆಗೆ ಚಿಗವ್ವ ಜೊತೆಗಿದ್ದಳು. ಪಡ್ಡಲಿಗಿ, ಅಂದರೆ ಅವ್ವನ ಬುಟ್ಟಿಗೆ ಎಡೆ ತುಂಬಿಸುವ ಹರಕೆ ಅವಳದು.

ಯರಗಟ್ಟಿ ದಾಟಿ ಮುನವಳ್ಳಿಗೆ ಬಂದಾಗ ಹೊಳೆ ಕಂಡಿತು. ಚಿಗವ್ವ ಕೂತಲ್ಲೇ ಕೈಮುಗಿದಳು. ರೇಣುಕೆ, ಅಂದರೆ ನಮ್ಮ ಎಲ್ಲಮ್ಮ, ದಿನಾ ಉಸುಕಿನ ಕೊಡ ಮಾಡಿ, ಹಾವನ್ನೇ ಸಿಂಬಿ ಸುತ್ತಿ ನೀರು ಹೊತ್ತದ್ದು ಈ ಮಲಪ್ರಭೆಯಿಂದಲೇ ಅಂತ ನಮ್ಮ ಕಡೆ ನಂಬಿಕೆ. ಕಣಕುಂಬಿಯಲ್ಲಿ ಹುಟ್ಟಿದ ಹೊಳೆಗೆ ನವಿಲುತೀರ್ಥದ ಹತ್ತಿರ, ಗುಡ್ಡಗಳ ನಡುವಿನ ಕಿಂಡಿಯಲ್ಲಿ, ಅಣೆಕಟ್ಟು ಕಟ್ಟಿದ್ದಾರೆ. ಹಿಂದೆ ನಿಂತ ನೀರಿಗೆ ರೇಣುಕಾ ಸಾಗರ ಅಂತ ಹೆಸರು. ಎಂಜಿನಿಯರುಗಳ ನಕ್ಷೆಯಲ್ಲೂ ಅವ್ವ ಬಂದು ಕೂತಿದ್ದಾಳೆ ನೋಡಿ!

ಸವದತ್ತಿ ಅಂದರೆ ಶಾಸನಗಳ ಸುಗಂಧವರ್ತಿ, ರಟ್ಟರ ರಾಜಧಾನಿ. ಅಲ್ಲಿಂದ ಗುಡ್ಡ ಸುಮಾರು 5 ಕಿಲೋಮೀಟರ್. ನಾನು ಎಂದಿನಂತೆ ಮೇಲೆ ಹೊರಟೆ.

"ಏ ತಮ್ಮಾ, ಮೊದ್ಲ ಜೋಗುಳಬಾವಿಗೆ ನಡಿ. ಮೈಮ್ಯಾಲೆ ನೀರ ಬೀಳದ ಅವ್ವನ ಮುಂದ ಹೆಂಗ ನಿಲ್ತಿ?"

ಗಂಡನ ಶಾಪದಿಂದ ಮೈಯೆಲ್ಲ ಹುಣ್ಣಾದ ರೇಣುಕೆ ಇಲ್ಲಿ ಮಿಂದು ಗುಣವಾದಳು ಅನ್ನುತ್ತಾರೆ. ದಂಡೆಯ ಮೇಲೆ ಶಾಂಪೂ ಚೀಟಿ ಬಿದ್ದಿದ್ದವು. ನಾನು ಮುಖ ಸಿಂಡರಿಸಿದೆ. ಚಿಗವ್ವ ನಾಕು ಚೀಟಿ ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡು ನೀರಿಗಿಳಿದಳು. ಆಮೇಲೆ ಸತ್ಯವ್ವನ ಗುಡಿ. ಆಮೇಲೇ ಗುಡ್ಡ.

ಮೇಲೆ ಚಕ್ಕಡಿ, ಟ್ರ್ಯಾಕ್ಟರ್, ಮೂರು ಕಲ್ಲಿನ ಒಲೆಗಳ ಹೊಗೆ. ಎಲ್ಲಿ ನೋಡಿದರೂ ಹಳದಿ. ಉಧೋ ಉಧೋ! ಒಬ್ಬ ಮುದುಕಿ ಚೌಡಿಕೆ ಮೀಟುತ್ತ ಕೂತಿದ್ದಳು. ಇದೇ ಅವ್ವನ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದ ಕಾಲ ಇತ್ತು. ಅದನ್ನು ನಿಷೇಧಿಸಿದ್ದು 1982ರ ಕಾಯ್ದೆ. ಭಕ್ತಿಯ ಮಾತಿನ ನಡುವೆ ಇದ್ಯಾಕೆ ಅನ್ನಬಹುದು. ಅವ್ವನ ಹೆಸರಲ್ಲಿ ಆದದ್ದನ್ನು ಅವ್ವನ ಮುಂದೆಯೇ ಮುಚ್ಚಿಡೋದು ಹೇಗೆ?

ಹೊಸ್ತಿಲ ಹುಣ್ಣಿಮೆಗೆ ಅವ್ವನ ಬಳೆ ಒಡೆಯುತ್ತಾರೆ. ಅವಳ ಗಂಡ ಜಮದಗ್ನಿ ಸತ್ತ ದಿನ ಅದು. ಭಾರತ ಹುಣ್ಣಿಮೆಗೆ ಅವಳು ಮತ್ತೆ ಮುತ್ತೈದೆ, ಮತ್ತೆ ಹಸಿರು ಬಳೆ. ಕಾಕಾ ಹೋಗಿ ಮೂರು ವರ್ಷ. ಗರ್ಭಗುಡಿ ಮುಂದೆ ಚಿಗವ್ವ ಅವ್ವನ ಮುಖ ನೋಡಿದ್ದು ಕಡಿಮೆ, ಬಳೆ ನೋಡಿದ್ದೇ ಜಾಸ್ತಿ. ಹಿಂದಿನವರು ತಳ್ಳುವ ತನಕ ನಿಂತಿದ್ದಳು.

ಹೊರಗೆ ಬಂಡೆಯ ನೆರಳಲ್ಲಿ ಪಡ್ಡಲಿಗಿ ಇಟ್ಟಳು. ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ, ಅನ್ನ. ಬೆರಳ ಸಂದಿಯ ಭಂಡಾರ ಅನ್ನಕ್ಕೂ ಅಂಟಿತ್ತು. ಪಕ್ಕದ ಒಲೆಯ ಹೆಂಗಸನ್ನು ಕರೆದು, ಉಡಿಯೊಳಗೆ ಹೋಳಿಗೆ ಹಾಕುತ್ತ ಕೇಳಿದಳು:

"ಯಾವೂರವ್ವಾ?"

"ಹೂಲಿ."

"ಹೂಲಿ? ಪಂಚಲಿಂಗನ ಗುಡಿ ಐತಲ್ಲ, ಆ ಹೂಲಿ? ನಮ್ಮತ್ತಿ ತವರಮನಿ ಅಲ್ಲೇವಾ!"

ಆ ಹೆಂಗಸಿನ ಜೊತೆಗಿದ್ದವಳು ಉಗರಗೋಳದವಳು, ಗುಡ್ಡದ ಬುಡದ ಊರು. ಅವಳು ಮುನವಳ್ಳಿಯ ಸೊಸೆಯಂತೆ. ಮೂವರೂ ಕೂತು ಯಾರ ಮನೆಗೆ ಯಾರು ಅಂತ ಲೆಕ್ಕ ಹಾಕತೊಡಗಿದರು. ನಾನು ಗಾಡಿ ಕೀಲಿ ಜೇಬಿಗೆ ಹಾಕಿ ಇನ್ನೊಂದು ಕಡುಬು ತೆಗೆದುಕೊಂಡೆ.